ಓದುಗರ ಪ್ರಶ್ನೆ: ಹದಿನೇಳು ಮೀಟರ್ ರೀಲಿನಿಂದ ಶುರುವಾದದ್ದು

ಫ್ರೆಂಚ್ ಸಿನಿಮಾ ಕುರಿತು ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೆಲವು ಇತಿಹಾಸ ಕೇಳಿವೆ, ಕೆಲವು ‘ಅದನ್ನ ನಾವು ಮಾಡೋದು ಹೇಗೆ’ ಅಂತ ನೇರವಾಗಿ ಕೇಳಿವೆ. ಎರಡನ್ನೂ ಬೇರೆ ಮಾಡಲು ಹೋಗಿಲ್ಲ. ‘ಫ್ರೆಂಚ್ ಶೈಲಿ’ ಎಂದು ನಾವು ಹೊಗಳುವ ಬಹುಪಾಲು ಸಂಗತಿಗಳನ್ನು ಕೆದಕಿದರೆ ಕೆಳಗೆ ಸಿಗುವುದು ಒಂದು ಯಂತ್ರ, ಒಂದು ಕೊರತೆ, ಇಲ್ಲವೇ ಒಂದು ತೆರಿಗೆ.

ಪ್ರಶ್ನೆ: ಲೂಮಿಯೇರ್ ಸಹೋದರರ ರೈಲು ಪರದೆಯ ಮೇಲೆ ಬಂದಾಗ ಜನ ಹೆದರಿ ಎದ್ದು ಓಡಿದರು ಎಂದು ಪಠ್ಯದಲ್ಲಿದೆ. ನಿಜವೇ? ಎಡಿಸನ್ ಆಗಲೇ ಯಂತ್ರ ಮಾಡಿದ್ದರೂ ಸಿನಿಮಾದ ಹುಟ್ಟನ್ನು ಪ್ಯಾರಿಸ್‌ಗೆ ಯಾಕೆ ಕೊಡುತ್ತಾರೆ? (ವಿದ್ಯಾರ್ಥಿನಿ, ಧಾರವಾಡ)

ಓಡಿದ್ದಕ್ಕೆ ಆ ಕಾಲದ ಗಟ್ಟಿ ಸಾಕ್ಷ್ಯವಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂ ಕಫೆಯ ನೆಲಮಾಳಿಗೆಯಲ್ಲಿ ನಡೆದ ಮೊದಲ ಟಿಕೆಟ್ ಪ್ರದರ್ಶನದ ಹತ್ತು ಚಿತ್ರಗಳಲ್ಲಿ ರೈಲು ಇರಲೇ ಇಲ್ಲ. ಅದು ಪರದೆಗೆ ಬಂದದ್ದು ಮುಂದಿನ ವರ್ಷ. ಅವತ್ತು ತಲಾ ಒಂದು ಫ್ರಾಂಕ್ ಕೊಟ್ಟು ಕೂತವರು 33 ಜನ. ರೈಲಿನ ಚಿತ್ರವನ್ನೇ ಇನ್ನೊಮ್ಮೆ ನೋಡಿ: ಎಂಜಿನ್ ನಮ್ಮ ಮೇಲೆ ನುಗ್ಗುವುದಿಲ್ಲ, ಓರೆಯಾಗಿ ಚೌಕಟ್ಟಿನ ಎಡಕ್ಕೆ ಜಾರಿ ಹೋಗುತ್ತದೆ. ಜನ ಬೆರಗಾದದ್ದು ನಿಜ. ಕುರ್ಚಿ ಬೀಳಿಸಿ ಓಡಿದ್ದು ಆಮೇಲೆ ಸೇರಿಕೊಂಡ ಒಗ್ಗರಣೆ.

ಎರಡನೆಯ ಪ್ರಶ್ನೆಗೆ ಉತ್ತರ ಯಂತ್ರದ ಒಳಗಿದೆ. ಎಡಿಸನ್ನರ ಕೈನೆಟೋಸ್ಕೋಪಿನಲ್ಲಿ ಫಿಲ್ಮ್ ನಿಲ್ಲದೆ ಓಡುತ್ತಿತ್ತು. ತಿರುಗುವ ತಟ್ಟೆಯ ಸಣ್ಣ ಸೀಳಿನಿಂದ ಪ್ರತಿ ಚಿತ್ರ ಕ್ಷಣಮಾತ್ರ ಕಾಣುತ್ತಿತ್ತು. ಅಷ್ಟು ಕಡಿಮೆ ಬೆಳಕಿನಲ್ಲಿ ಪರದೆಯ ಮಾತೇ ಇಲ್ಲ, ಒಬ್ಬೊಬ್ಬರೇ ಬಗ್ಗಿ ಇಣುಕಬೇಕು. ಲೂಯಿ ಲೂಮಿಯೇರ್ ಹೊಲಿಗೆ ಯಂತ್ರದ ತತ್ವ ಹಿಡಿದರು. ಸೂಜಿ ಮೇಲೆದ್ದಾಗ ಬಟ್ಟೆ ಒಂದು ಹೆಜ್ಜೆ ಸರಿಯುತ್ತದೆ, ಸೂಜಿ ಇಳಿದಾಗ ನಿಲ್ಲುತ್ತದೆ, ಅಲ್ಲವೇ? ಹಾಗೆಯೇ ಇಲ್ಲಿ ಎರಡು ಹಲ್ಲಿನ ಕೊಕ್ಕೆ ಫಿಲ್ಮಿನ ಅಂಚಿನ ತೂತುಗಳಿಗೆ ಹೊಕ್ಕು, ಒಂದು ಚಿತ್ರದಷ್ಟು ಕೆಳಕ್ಕೆ ಎಳೆದು, ಹೊರಬಂದು, ಮೇಲಕ್ಕೆ ಮರಳುತ್ತದೆ. ಎಳೆಯುವಾಗ ಶಟರ್ ಮುಚ್ಚಿರುತ್ತದೆ. ಉಳಿದ ಹೊತ್ತು ಚಿತ್ರ ಅಲುಗದೆ ನಿಂತು ಬೆಳಕನ್ನು ಪೂರ್ತಿ ಪಡೆಯುತ್ತದೆ. ಹಿಡಿಕೆಯ ಒಂದು ಸುತ್ತಿಗೆ ಎಂಟು ಚಿತ್ರ, ಸೆಕೆಂಡಿಗೆ ಎರಡು ಸುತ್ತು, ಒಟ್ಟು 16 ಚಿತ್ರ. ರೀಲಿನ ಉದ್ದ ಸುಮಾರು 17 ಮೀಟರ್, ಅಂದರೆ ಹೆಚ್ಚುಕಡಿಮೆ 50 ಸೆಕೆಂಡು.

ತೂಕ ಐದು ಕಿಲೋ ಆಸುಪಾಸು. ಅದೇ ಪೆಟ್ಟಿಗೆ ಕ್ಯಾಮೆರಾ, ಅದೇ ಪೆಟ್ಟಿಗೆಯಲ್ಲಿ ನೆಗೆಟಿವ್‌ನಿಂದ ಪ್ರಿಂಟ್, ಹಿಂದೆ ದೀಪವಿಟ್ಟರೆ ಅದೇ ಪ್ರೊಜೆಕ್ಟರ್. ಒಬ್ಬನೇ ಆಳು ಹಡಗು ಹತ್ತಿ ಊರಿಂದೂರಿಗೆ ಹೋಗಬಹುದಾಗಿದ್ದು ಇದರಿಂದಲೇ. ಪ್ಯಾರಿಸ್ ಪ್ರದರ್ಶನವಾಗಿ ಏಳು ತಿಂಗಳೊಳಗೆ, 1896ರ ಜುಲೈ 7ರಂದು, ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಮಾರಿಯಸ್ ಸೆಸ್ಟಿಯೇ ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಚಿತ್ರ ತೋರಿಸಿದ. ಟಿಕೆಟ್ಟಿಗೆ ಒಂದು ರೂಪಾಯಿ.

ದೀಪದ ಬಗ್ಗೆ ಒಂದು ಮಾತು. ನೈಟ್ರೇಟ್ ಫಿಲ್ಮ್ ಬಿಸಿಗೆ ಭಗ್ಗನೆ ಹತ್ತಿಕೊಳ್ಳುತ್ತದೆ. ಅದಕ್ಕೆ ಲೂಮಿಯೇರ್ ಯಂತ್ರದಲ್ಲಿ ದೀಪಕ್ಕೂ ಫಿಲ್ಮಿಗೂ ನಡುವೆ ನೀರು ತುಂಬಿದ ದುಂಡನೆಯ ಗಾಜಿನ ಬುರುಡೆ ಇಡುತ್ತಿದ್ದರು. ಅದೇ ಮಸೂರ, ಅದೇ ಶಾಖ ಹೀರುವ ಸಾಧನ. ಬುರುಡೆ ಒಡೆದರೆ ಬೆಳಕು ಒಂದೆಡೆ ಸೇರುವುದೇ ನಿಲ್ಲುವುದರಿಂದ ಫಿಲ್ಮ್ ಉಳಿಯುತ್ತಿತ್ತು. ಇಂಥ ಎಚ್ಚರ ಎಲ್ಲರಲ್ಲೂ ಇರಲಿಲ್ಲ. 1897ರ ಮೇ 4ರಂದು ಪ್ಯಾರಿಸ್ಸಿನ ದತ್ತಿ ಸಂತೆಯಲ್ಲಿ ಬೇರೊಂದು ಪ್ರೊಜೆಕ್ಟರಿನ ಈಥರ್ ದೀಪದಿಂದ ಹತ್ತಿದ ಬೆಂಕಿ 120ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಪ್ರಶ್ನೆ: ಹಳೆಯ ಮೂಕಿ ಚಿತ್ರಗಳಲ್ಲಿ ಎಲ್ಲರೂ ಇಲಿಗಳ ಹಾಗೆ ಓಡಾಡುತ್ತಾರಲ್ಲ, ಆಗಿನ ಕ್ಯಾಮೆರಾ ದೋಷವೇ? (ತುಮಕೂರು)

ದೋಷ ನಮ್ಮ ಕಾಲದ್ದು. ಸೆಕೆಂಡಿಗೆ 16 ಚಿತ್ರದ ವೇಗದಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಬಿರುಸಾಗುತ್ತದೆ. ಲೆಕ್ಕ ನೀವೇ ಹಾಕಬಹುದು: 35 ಮಿ.ಮೀ. ಫಿಲ್ಮಿನ ಒಂದು ಮೀಟರಿಗೆ ಸುಮಾರು 52 ಚಿತ್ರ. ಫ್ರೆಂಚ್ ನಿರ್ದೇಶಕ ಮೆಲಿಯೆಸ್‌ನ ‘ಚಂದ್ರಲೋಕ ಯಾತ್ರೆ’ (1902) 260 ಮೀಟರ್. ಅಂದರೆ 13,500 ಚಿತ್ರ. 16ರಲ್ಲಿ 14 ನಿಮಿಷ, 24ರಲ್ಲಿ ಒಂಬತ್ತೂವರೆ ನಿಮಿಷ. ನಿಮ್ಮ ಬಳಿ ಇರುವ ಕಾಪಿ ಹತ್ತು ನಿಮಿಷಕ್ಕಿಂತ ಚಿಕ್ಕದಿದ್ದರೆ ಒಂದೋ ವೇಗ ತಪ್ಪು, ಇಲ್ಲವೇ ತುಣುಕು ಕಳೆದಿದೆ. ಫೈಲ್ ಪ್ಲೇಯರಿನಲ್ಲಿ ವೇಗವನ್ನು 0.67ಕ್ಕೆ ಇಳಿಸಿ, ಹಿನ್ನೆಲೆ ಸಂಗೀತ ಆಫ್ ಮಾಡಿ ನೋಡಿ. ನಡಿಗೆ ನಡಿಗೆಯಾಗುತ್ತದೆ. ಆದರೆ ಎಲ್ಲಕ್ಕೂ ಇದೇ ಅಂಕಿ ಬೇಡ. ಕೈಯಲ್ಲಿ ತಿರುಗಿಸುತ್ತಿದ್ದ ಕಾಲದಲ್ಲಿ ವೇಗ ಆಳಿಂದಾಳಿಗೆ ಬೇರೆ, 1920ರ ದಶಕದ ಹೊತ್ತಿಗೆ 20ರ ಮೇಲೂ ಹೋಗಿತ್ತು. ನೀರು ಸುರಿಯುವುದು, ಬಟ್ಟೆ ಬೀಳುವುದು ಸಹಜವಾಗಿ ಕಾಣುವವರೆಗೆ ಹೊಂದಿಸಿ. ನಟನ ಕೈಕಾಲು ನಂಬಬೇಡಿ, ಅವನು ಬೇಕೆಂದೇ ಚುರುಕಾಗಿ ಆಡಿರಬಹುದು.

ಪ್ರಶ್ನೆ: ಮೆಲಿಯೆಸ್‌ನ ‘ಮಾಯ’ ತಂತ್ರವನ್ನು ಮೊಬೈಲಿನಲ್ಲಿ ಮಾಡಿದೆವು. ಮನುಷ್ಯ ಮಾಯವಾಗುವಾಗ ಇಡೀ ಕೋಣೆಯೇ ಕುಲುಕಿದಂತೆ ಕಾಣುತ್ತದೆ. ತಪ್ಪೆಲ್ಲಿ? (ಪ್ರೌಢಶಾಲಾ ಶಿಕ್ಷಕರು, ಸಾಗರ)

ಜಾರ್ಜ್ ಮೆಲಿಯೆಸ್ ಮೂಲತಃ ಜಾದೂಗಾರ. ಪ್ಯಾರಿಸ್ಸಿನ ರೊಬೇರ್-ಉದ್ಯಾಂ ರಂಗಮಂದಿರದ ಮಾಲೀಕ. 1897ರಲ್ಲಿ ಮೊಂತ್ರೊಯ್‌ನಲ್ಲಿ ಗಾಜಿನ ಮಾಡಿನ ಸ್ಟುಡಿಯೋ ಕಟ್ಟಿದ. ಕ್ಯಾಮೆರಾ ಸಿಕ್ಕಿಹಾಕಿಕೊಂಡಾಗ ಬಸ್ಸು ಶವದ ಗಾಡಿಯಾಗಿ ಬದಲಾಯಿತು, ಅಲ್ಲಿಂದ ತಂತ್ರ ಹೊಳೆಯಿತು ಎಂಬ ಕಥೆ ಅವನೇ ಹೇಳಿದ್ದು. ಜಾದೂಗಾರನ ಮಾತಿಗೆ ಅರ್ಧ ಬೆಲೆ ಕೊಟ್ಟರೆ ಸಾಕು. ಮುಖ್ಯ ಸಂಗತಿ ಬೇರೆ. ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರುಮಾಡಿದಷ್ಟಕ್ಕೇ ಅವನ ಕೆಲಸ ಮುಗಿಯುತ್ತಿರಲಿಲ್ಲ. ಹಿಡಿಕೆ ನಿಧಾನವಾಗುವಾಗ ಕೆಲವು ಚಿತ್ರಗಳಿಗೆ ಬೆಳಕು ಹೆಚ್ಚಾಗಿ ಬಿಳಿಚುತ್ತವೆ. ಆ ಚಿತ್ರಗಳನ್ನು ಕತ್ತರಿಸಿ, ಎರಡು ತುದಿಗಳನ್ನು ಅಂಟಿಸುತ್ತಿದ್ದ. ಅವನ ಫಿಲ್ಮುಗಳಲ್ಲಿ ಆ ಅಂಟುಗಳು ಇವತ್ತಿಗೂ ಕಾಣುತ್ತವೆ. ಅಂದರೆ ‘ಮಾಯ’ ಆಗುತ್ತಿದ್ದದ್ದು ಎಡಿಟಿಂಗ್ ಮೇಜಿನ ಮೇಲೆ.

ನಿಮ್ಮದೂ ಅಲ್ಲೇ ಆಗಬೇಕು. ರೆಕಾರ್ಡಿಂಗ್ ನಿಲ್ಲಿಸಲು ಫೋನನ್ನು ಮುಟ್ಟಿದಿರಿ, ಅದು ಕೂದಲೆಳೆಯಷ್ಟು ಸರಿಯಿತು. ಕೋಣೆ ಕುಲುಕಿದ್ದು ಅದಕ್ಕೆ. ಮುಟ್ಟಬೇಡಿ, ರೆಕಾರ್ಡಿಂಗ್ ಓಡುತ್ತಲೇ ಇರಲಿ, ಮನುಷ್ಯ ಹೊರನಡೆಯುವ ಭಾಗವನ್ನು ಆಮೇಲೆ ಎಡಿಟಿಂಗ್‌ನಲ್ಲಿ ಕತ್ತರಿಸಿ. ಫೋನನ್ನು ಟ್ರೈಪಾಡಿಗೆ ಕಟ್ಟಿ, ಕೆಳಗೆ ಮರಳಿನ ಚೀಲ ನೇತುಹಾಕಿ. ಪರದೆಯನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಮನುಷ್ಯ ಹೊರಟೊಡನೆ ಫೋನು ತಾನಾಗಿ ಬೆಳಕು ಹೆಚ್ಚಿಸುತ್ತದೆ. ಸ್ಟೆಬಿಲೈಸೇಶನ್ (ಕೈನಡುಕ ಸರಿಪಡಿಸುವ ಸೌಲಭ್ಯ) ಆಫ್. ಇದನ್ನು ಬಹಳ ಜನ ಮರೆಯುತ್ತಾರೆ. ಟ್ರೈಪಾಡ್ ಮೇಲಿದ್ದರೂ ಅದು ಚೌಕಟ್ಟನ್ನು ಅತ್ತಿತ್ತ ಎಳೆಯುತ್ತದೆ. ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ಇದ್ದರೆ ಶಟರ್ 1/50 ಅಥವಾ 1/100 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಬೇರೆ ಅಂಕಿಯಲ್ಲಿ ದೀಪ ಮಿಣುಕುತ್ತದೆ. ಫ್ಯಾನ್ ನಿಲ್ಲಿಸಿ, ಕಿಟಕಿಯ ಪರದೆ ಕಟ್ಟಿ. ಮೋಡ ಓಡುವ ದಿನ ಕಿಟಕಿಯ ಬೆಳಕನ್ನೇ ನಂಬಬೇಡಿ.

ಮಾಯವಾಗುವವನು ಹೊರಡುವ ತನಕ ಉಳಿದವರು ಕಲ್ಲಿನ ಹಾಗೆ ನಿಲ್ಲಬೇಕು. ಪಾದದ ಸುತ್ತ ಸೀಮೆಸುಣ್ಣದ ಗುರುತು ಹಾಕಿ. ಮೆಲಿಯೆಸ್ ಕತ್ತರಿಸುತ್ತಿದ್ದ ಜಾಗದಲ್ಲಿ ಸಾಮಾನ್ಯವಾಗಿ ಏನಾದರೂ ಚಲನೆ ಇರುತ್ತದೆ: ಹೊಗೆ ಬುಸ್ಸೆನ್ನುತ್ತದೆ, ಕೋಲು ಬೀಳುತ್ತದೆ, ಯಾರೋ ಹಾರುತ್ತಾರೆ. ನೀವೂ ಕೋಲು ಅರ್ಧ ದಾರಿಯಲ್ಲಿರುವಾಗ ಕತ್ತರಿಸಿ. ನಿಂತ ದೇಹಕ್ಕಿಂತ ಚಲಿಸುವ ಕೋಲು ಕಣ್ಣನ್ನು ಚೆನ್ನಾಗಿ ಮೋಸಗೊಳಿಸುತ್ತದೆ. ಒಬ್ಬನೇ ಏಳು ಜನರಾಗುವ ಅವನ ಇನ್ನೊಂದು ತಂತ್ರಕ್ಕೆ (1900) ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಏಳು ಸಲ ಓಡಿಸಬೇಕಿತ್ತು. ಏಳನೆಯ ಸಲ ತಾಳ ತಪ್ಪಿದರೆ ಮೊದಲ ಆರೂ ಹಾಳು. ನಿಮಗೆ ಆ ಕಷ್ಟವಿಲ್ಲ.

ಪ್ರಶ್ನೆ: ಲೋಕದ ಮೊದಲ ಮಹಿಳಾ ನಿರ್ದೇಶಕಿ ಯಾರು? (ಹಾಸನ)

ಆಲಿಸ್ ಗೀ. ಗೋಮೋಂ ಕಂಪನಿಯಲ್ಲಿ ಕಾರ್ಯದರ್ಶಿಯಾಗಿದ್ದವರು 1896ರಲ್ಲಿ ನಿರ್ದೇಶನಕ್ಕಿಳಿದರು. 1907ರಲ್ಲಿ ಅಮೆರಿಕಕ್ಕೆ ಹೋಗಿ, 1910ರಲ್ಲಿ ಸೊಲಾಕ್ಸ್ ಎಂಬ ಸ್ವಂತ ಸ್ಟುಡಿಯೋ ತೆರೆದರು. ನಮ್ಮವರಿಗೆ ಹತ್ತಿರವಾಗುವ ಸಂಗತಿ ಇನ್ನೊಂದಿದೆ. 1900ರ ದಶಕದ ಮೊದಲರ್ಧದಲ್ಲೇ ಅವರು ಹಾಡಿನ ಚಿತ್ರಗಳನ್ನು ತೆಗೆದರು. ಮೊದಲು ಹಾಡನ್ನು ಗ್ರಾಮೊಫೋನ್ ತಟ್ಟೆಗೆ ಹಿಡಿಯುವುದು, ಆಮೇಲೆ ಅದನ್ನು ಹಾಕಿಕೊಂಡು ಗಾಯಕರಿಂದ ತುಟಿಯಾಡಿಸಿ ಶೂಟ್ ಮಾಡುವುದು. ಪ್ಲೇಬ್ಯಾಕ್ ಶೂಟಿಂಗ್ ಎಂದು ನಾವು ಕರೆಯುವುದು ಇದನ್ನೇ. ಆ ಪದ್ಧತಿ ಸೊರಗಿದ್ದಕ್ಕೆ ಕಾರಣಗಳು ನೇರ: ತಟ್ಟೆ ಮೂರ್ನಾಲ್ಕು ನಿಮಿಷಕ್ಕೆ ಮುಗಿಯುತ್ತಿತ್ತು, ದೊಡ್ಡ ಹಾಲಿನ ಹಿಂದಿನ ಸಾಲಿಗೆ ದನಿ ತಲುಪುತ್ತಿರಲಿಲ್ಲ, ಫಿಲ್ಮ್ ಒಂದು ಕಡೆ ತುಂಡಾಗಿ ಅಂಟಿಸಿದರೂ ತುಟಿ ತಪ್ಪುತ್ತಿತ್ತು.

ಪ್ರಶ್ನೆ: ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕರಿಗೆ ಫ್ರೆಂಚರು ಕಲಿಸಿದರು ಎನ್ನುತ್ತಾರೆ. ಮನೆಯೊಳಗೆ ಆ ಥರದ ಮೃದು ಬೆಳಕು ನಮಗೂ ಸಾಧ್ಯವೇ? (ಕಿರುಚಿತ್ರ ತಂಡ, ಉಡುಪಿ)

ಕಲಿಸಿದರು ಎನ್ನುವುದಕ್ಕಿಂತ, ಇವರು ನಿಂತು ನೋಡಿ ಕಲಿತರು. ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾರ್ ‘ದಿ ರಿವರ್’ (1951) ಚಿತ್ರಕ್ಕಾಗಿ ಬಂಗಾಳಕ್ಕೆ ಬಂದಾಗ ರಾಯ್ ಜಾಗ ಹುಡುಕಲು ಜೊತೆ ಹೋದರು. ಬನ್ಸಿ ಚಂದ್ರಗುಪ್ತ ಕಲಾ ವಿಭಾಗದಲ್ಲಿ ಸಹಾಯಕರಾದರು. ಮುಂದೆ ರಾಯ್ ಅವರ ಛಾಯಾಗ್ರಾಹಕರಾದ ಸುಬ್ರತ ಮಿತ್ರರಿಗೆ ಕೆಲಸ ಸಿಗಲಿಲ್ಲ. ದಿನಾ ಹೋಗಿ ನಿಂತು, ದೀಪ ಎಲ್ಲಿತ್ತು, ಕ್ಯಾಮೆರಾ ಎಲ್ಲಿತ್ತು ಎಂದು ನಕ್ಷೆ ಬರೆದುಕೊಂಡರು. ಆದರೆ ರಾಯ್ ಅವರ 1956ರ ‘ಅಪರಾಜಿತೋ’ದಲ್ಲಿ ಅವರು ಮಾಡಿದ್ದು ರೆನ್ವಾರ್ ಸೆಟ್ಟಿನಲ್ಲಿ ಕಂಡದ್ದಲ್ಲ. ಕಾಶಿಯ ಮನೆಯಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದ್ದರು. ಮಿತ್ರ ಅದರ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಬಟ್ಟೆಗೆ ಹೊಡೆದು, ಬಿದ್ದ ಬೆಳಕನ್ನು ಆಕಾಶದ್ದೆಂದು ನಂಬಿಸಿದರು. ಫ್ರಾನ್ಸಿನ ಛಾಯಾಗ್ರಾಹಕ ರಾವುಲ್ ಕುತಾರ್ ಫೋಟೊಫ್ಲಡ್ ಬಲ್ಬುಗಳನ್ನು ಸೂರಿಗೆ ತಿರುಗಿಸಿ ಅಪಾರ್ಟ್‌ಮೆಂಟುಗಳಲ್ಲಿ ಶೂಟ್ ಮಾಡಿದ್ದು ಇದಾದ ಮೇಲೆ. ಇಲ್ಲಿ ಯಾರು ಗುರು, ಯಾರು ಶಿಷ್ಯ ಎಂದು ಬಾಣ ಎಳೆಯುವುದು ಬೇಡ.

ನಿಮಗೆ ಬೇಕಾದ್ದು ಒಂದು ಬಲವಾದ ದೀಪ ಮತ್ತು ನಾಲ್ಕಡಿ-ಮೂರಡಿಯ ಒಂದೆರಡು ಥರ್ಮೊಕೋಲ್ ಶೀಟು. ದೀಪವನ್ನು ನಟನಿಗಲ್ಲ, ಶೀಟಿಗೆ ಹೊಡೆಯಿರಿ. ದೀಪದಿಂದ ಶೀಟಿಗೆ ಮೂರ್ನಾಲ್ಕು ಅಡಿ, ಶೀಟಿನಿಂದ ಮುಖಕ್ಕೆ ಐದಾರು ಅಡಿ. ಶೀಟಿನ ಮೇಲೆ ಬೆಳಕಿನ ವೃತ್ತ ಸಣ್ಣದಾಗಿದ್ದರೆ ನೆರಳು ಗಡುಸಾಗಿಯೇ ಉಳಿಯುತ್ತದೆ, ಶೀಟು ಪೂರ್ತಿ ತುಂಬುವಷ್ಟು ದೀಪ ಹಿಂದೆ ಸರಿಸಿ. ನೇರ ಬೆಳಕಿಗೆ ಹೋಲಿಸಿದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಕಳೆದರೆ ಬೆಳಕು ಅರ್ಧ) ಆದರೂ ಕಳೆದುಕೊಳ್ಳುತ್ತೀರಿ. ಅದಕ್ಕೆ ಐಎಸ್ಒ ಏರಿಸಿದರೆ ಫೋನಿನಲ್ಲಿ ಕಾಳು ಬರುತ್ತದೆ. ಇನ್ನೊಂದು ದೀಪ ತರುವುದೇ ಮೇಲು. ಗೋಡೆಗೇ ಹೊಡೆದರಾಯಿತಲ್ಲ ಎನ್ನಬೇಡಿ. ನಮ್ಮ ಮನೆಗಳ ಗಿಳಿಹಸಿರು, ಗುಲಾಬಿ ಗೋಡೆ ಮುಖಕ್ಕೂ ಬಣ್ಣ ಬಳಿಯುತ್ತದೆ, ಆ ಹಸಿರನ್ನು ಗ್ರೇಡಿಂಗಿನಲ್ಲಿ (ಆಮೇಲೆ ಬಣ್ಣ ತಿದ್ದುವಾಗ) ತೆಗೆಯುವುದು ತಲೆನೋವು. ಇನ್ನೊಂದು ತಪ್ಪು: ಎಲ್ಲ ಕಡೆಯಿಂದ ಬೆಳಕು ಬಂದು ಮುಖ ಚಪ್ಪಟೆಯಾಗುವುದು. ಆಗ ಮುಖದ ಒಂದು ಪಕ್ಕ, ಚೌಕಟ್ಟಿನ ಹೊರಗೆ, ಕಪ್ಪು ಕಂಬಳಿ ಹಿಡಿಸಿ. ಆ ಕೆನ್ನೆ ತಾನಾಗಿ ಇಳಿಯುತ್ತದೆ.

ಪ್ರಶ್ನೆ: ಗೊದಾರ್ ‘ಜಂಪ್ ಕಟ್’ ಹಾಕಿದರೆ ಕಲೆ, ನಾವು ಹಾಕಿದರೆ ಎಡಿಟರ್‌ಗೆ ಕೆಲಸ ಗೊತ್ತಿಲ್ಲ ಅಂತಾರೆ. ಏನು ವ್ಯತ್ಯಾಸ? (ಬೆಂಗಳೂರು)

ನಿಮ್ಮ ಕೋಪದಲ್ಲಿ ಅರ್ಧ ನ್ಯಾಯವಿದೆ, ಯಾಕೆಂದರೆ ಅವರಿಗೂ ಅದು ಅನಿವಾರ್ಯವಾಗಿಯೇ ಬಂತು. ಗೊದಾರ್ ಅವರ ‘ಬ್ರೆತ್‌ಲೆಸ್’ ಶೂಟ್ ಆದದ್ದು 1959ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ತೆರೆಗೆ ಬಂದದ್ದು 1960ರ ಮಾರ್ಚ್ 16ರಂದು. ಮೊದಲ ಜೋಡಣೆ ವಿಪರೀತ ಉದ್ದವಾಗಿತ್ತು, ಒಂದೂವರೆ ಗಂಟೆಗೆ ಇಳಿಸಬೇಕಿತ್ತು. ವಾಡಿಕೆಯಂತೆ ಇಡೀ ದೃಶ್ಯಗಳನ್ನು ಕಿತ್ತುಹಾಕುವ ಬದಲು ಗೊದಾರ್ ಮತ್ತು ಸಂಕಲನಕಾರ್ತಿ ಸೆಸಿಲ್ ದೆಕ್ಯೂಜಿಸ್ ಶಾಟಿನ ಒಳಗೇ ಕತ್ತರಿಸಿದರು. ನಡುವಿನ ತುಣುಕು ಹೋಗಿ ಚಿತ್ರ ಹಾರಿದಂತೆ ಕಾಣುತ್ತದೆ, ಜಂಪ್ ಕಟ್ ಎಂದರೆ ಅದೇ.

ಕಾರಿನ ದೃಶ್ಯ ನೋಡಿ. ಹಿಂದಿನ ಸೀಟಿನಿಂದ ನಾಯಕಿಯ ತಲೆಯ ಹಿಂಭಾಗ ಕಾಣುತ್ತದೆ. ನಾಯಕ ಅವಳ ಕುತ್ತಿಗೆ, ದನಿ ಎಂದು ಒಂದೊಂದಾಗಿ ಹೊಗಳುತ್ತ ಹೋಗುತ್ತಾನೆ. ಪ್ರತಿ ಕಟ್ಟಿಗೂ ಅವಳು ಅಲ್ಲೇ, ಹಿಂದಿನ ರಸ್ತೆ ಮಾತ್ರ ಬೇರೆ. ಕಣ್ಣಿಗೆ ಹಾರಿದಂತೆ ಕಂಡರೂ ಕಿವಿಗೆ ಹಾರುವುದಿಲ್ಲ. ಮಾತಿನ ಎಳೆ ತುಂಡಾಗದೆ ಓಡುತ್ತದೆ. ಇದು ಅವರಿಗೆ ಸಾಧ್ಯವಾದದ್ದು ಇನ್ನೊಂದು ಕೊರತೆಯಿಂದ. ಕ್ಯಾಮೆಫ್ಲೆಕ್ಸ್ ಕ್ಯಾಮೆರಾ ಹೊಲಿಗೆ ಯಂತ್ರದಷ್ಟು ಸದ್ದು ಮಾಡುತ್ತಿತ್ತು, ಸ್ಥಳದಲ್ಲಿ ದನಿ ಹಿಡಿಯುವಂತಿರಲಿಲ್ಲ. ಎಲ್ಲ ಮಾತನ್ನೂ ಆಮೇಲೆ ಡಬ್ ಮಾಡಿದರು. ಡಬ್ ಮಾಡುವ ದನಿಯನ್ನು ಯಾವ ಕಟ್ಟಿನ ಮೇಲಾದರೂ ಹಾಯಿಸಬಹುದು.

ನಿಮ್ಮ ಕಟ್ ತಪ್ಪಿನಂತೆ ಕಾಣುತ್ತಿದ್ದರೆ ಬಹುತೇಕ ಎರಡರಲ್ಲಿ ಒಂದು ಆಗಿರುತ್ತದೆ. ಚಿತ್ರದ ಜೊತೆ ದನಿಯೂ ತುಂಡಾಗಿದೆ: ಫ್ಯಾನಿನ ಸದ್ದು, ಬೀದಿಯ ಸದ್ದು ಟಕ್ಕೆಂದು ಬದಲಾಗುತ್ತದೆ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಾಗಿಸಿ ಒಂದು ನಿಮಿಷ ಕೋಣೆಯ ಖಾಲಿ ಸದ್ದು ಹಿಡಿಯಿರಿ, ಅದನ್ನು ಕಟ್ಟುಗಳ ಕೆಳಗೆ ಹಾಸಿ. ಇಲ್ಲವೇ ಜಿಗಿತ ಅರೆಮನಸ್ಸಿನದು: ಕ್ಯಾಮೆರಾ ಹತ್ತು ಹದಿನೈದು ಡಿಗ್ರಿ ಮಾತ್ರ ಸರಿದಿದೆ. ಅದು ಬೇಕೆಂದು ಮಾಡಿದ್ದೂ ಅನ್ನಿಸುವುದಿಲ್ಲ, ಸಹಜವೂ ಅನ್ನಿಸುವುದಿಲ್ಲ. ಕ್ಯಾಮೆರಾ ಕಿಂಚಿತ್ತೂ ಸರಿಯದಿರಲಿ, ಇಲ್ಲವೇ 30 ಡಿಗ್ರಿ ದಾಟಲಿ. ಜೊತೆಗೆ, ಇಡೀ ಚಿತ್ರದಲ್ಲಿ ಒಂದೇ ಒಂದು ಜಂಪ್ ಕಟ್ ಇದ್ದರೆ ಅದನ್ನು ಯಾರೂ ಕ್ಷಮಿಸುವುದಿಲ್ಲ. ಮೊದಲ ಐದು ನಿಮಿಷದಲ್ಲೇ ಎರಡು ಮೂರು ಹಾಕಿ ನೋಡುಗರಿಗೆ ರೂಢಿ ಮಾಡಿಸಿ.

ಇನ್ನೊಂದು ಸ್ವಾರಸ್ಯ. ಬೆಳಕು ಕಡಿಮೆ ಇದ್ದೆಡೆಗೆ ಈ ಚಿತ್ರದ ಛಾಯಾಗ್ರಾಹಕ ಕುತಾರ್ ಬಳಸಿದ್ದು ಸ್ಟಿಲ್ ಫೋಟೋಗೆಂದು ಮಾರುತ್ತಿದ್ದ 400 ಎಎಸ್‌ಎಯ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಇಲ್‌ಫರ್ಡ್ ಫಿಲ್ಮ್. ಅದು ಸಿಗುತ್ತಿದ್ದದ್ದು ಹದಿನೇಳೂವರೆ ಮೀಟರ್ ತುಂಡುಗಳಲ್ಲಿ, ಅಂದರೆ 24ರ ವೇಗದಲ್ಲಿ 38 ಸೆಕೆಂಡು. ತುಂಡುಗಳನ್ನು ಅಂಟಿಸಿಕೊಂಡು, ಲ್ಯಾಬಿನಲ್ಲಿ 800ಕ್ಕೆ ಎಳೆದು ತೊಳೆಸಿದರು. ಅರವತ್ತನಾಲ್ಕು ವರ್ಷ ಕಳೆದು ಮತ್ತೆ ಲೂಮಿಯೇರ್ ರೀಲಿನ ಅಳತೆಗೇ ಬಂದು ನಿಂತಂತಾಯಿತು.

ಪ್ರಶ್ನೆ: ಕನ್ನಡದ ‘ಹೊಸ ಅಲೆ’ ಫ್ರೆಂಚ್ ಹೊಸ ಅಲೆಯ ನಕಲೇ? (ಮೈಸೂರು)

ಹೆಸರು ಅಲ್ಲಿಂದ ಬಂತು, ಹಾದಿ ಉಲ್ಟಾ. 1954ರ ಜನವರಿಯಲ್ಲಿ ‘ಕಾಯೇ ದ್ಯು ಸಿನೆಮಾ’ ಪತ್ರಿಕೆಯಲ್ಲಿ, ಆಗ ವಿಮರ್ಶಕನಾಗಿದ್ದು ಆಮೇಲೆ ನಿರ್ದೇಶಕನಾದ ತ್ರುಫೋ ಬರೆದ ಲೇಖನದ ಗುರಿ ಸಾಹಿತ್ಯ ಕೃತಿಗಳನ್ನು ಅಚ್ಚುಕಟ್ಟಾಗಿ ಚಿತ್ರಕಥೆ ಮಾಡುತ್ತಿದ್ದ ಬರಹಗಾರರೇ. ಸಿನಿಮಾ ಬರಹಗಾರನದಲ್ಲ, ನಿರ್ದೇಶಕನದು ಎಂಬುದು ಮುಂದೆ ಹೊಸ ಅಲೆ ಎನಿಸಿಕೊಂಡ ತ್ರುಫೋ, ಗೊದಾರ್ ಮೊದಲಾದವರ ಗುಂಪಿನ ವಾದ. ನಮ್ಮಲ್ಲಿ ‘ಸಂಸ್ಕಾರ’ (1970), ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ ಎಲ್ಲವೂ ಸಾಹಿತ್ಯದ ಹೆಗಲೇರಿ ಬಂದವು. ಅಲ್ಲಿ ವಿಮರ್ಶಕರು ಕ್ಯಾಮೆರಾ ಹಿಡಿದರು. ಇಲ್ಲಿ ಕತೆಗಾರರು, ನಾಟಕಕಾರರು, ರಂಗದವರು ಬಂದರು. ಸಾಮ್ಯ ಇರುವುದು ದುಡ್ಡಿನಲ್ಲಿ: ಸಣ್ಣ ಬಜೆಟ್ಟು, ನಿಜವಾದ ಊರು, ತಾರೆಗಳಿಲ್ಲದ ಪಾತ್ರವರ್ಗ. ‘ಸಂಸ್ಕಾರ’ದ ಛಾಯಾಗ್ರಾಹಕ ಟಾಮ್ ಕೋವನ್ ಕೂಡ ಆಸ್ಟ್ರೇಲಿಯಾದವರು, ಫ್ರಾನ್ಸಿನವರಲ್ಲ.

ಪ್ರಶ್ನೆ: ಹಾಲಿವುಡ್ ಎದುರು ಉಳಿದೆಲ್ಲ ಯುರೋಪಿನ ಸಿನಿಮಾ ಬಡವಾದರೂ ಫ್ರಾನ್ಸ್ ಹೇಗೆ ನಿಂತಿತು? (ಚಿತ್ರಮಂದಿರ ವ್ಯವಸ್ಥಾಪಕರು, ದಾವಣಗೆರೆ)

ನಿಮ್ಮ ಕೌಂಟರಿನಲ್ಲೇ ಉತ್ತರ ಇದೆ. 1946ರ ಅಕ್ಟೋಬರಿನಲ್ಲಿ ಸಿಎನ್‌ಸಿ ಎಂಬ ರಾಷ್ಟ್ರೀಯ ಸಿನಿಮಾ ಕೇಂದ್ರ ಹುಟ್ಟಿತು. ಅಲ್ಲಿ ಮಾರುವ ಪ್ರತಿ ಟಿಕೆಟ್ಟಿನ ಬೆಲೆಯ ಶೇ 10.72 ಆ ಕೇಂದ್ರಕ್ಕೆ ಹೋಗುತ್ತದೆ, ಹತ್ತು ಯೂರೋ ಟಿಕೆಟ್ಟಿಗೆ ಒಂದು ಯೂರೋ ಚಿಲ್ಲರೆ. ಸ್ಪೈಡರ್‌ಮ್ಯಾನ್ ಟಿಕೆಟ್ಟಾದರೂ ಅಷ್ಟೇ. ಅಂದರೆ ಹಾಲಿವುಡ್ ಚಿತ್ರ ಎಷ್ಟು ಚೆನ್ನಾಗಿ ಓಡುತ್ತದೋ ಫ್ರೆಂಚ್ ಚಿತ್ರಕ್ಕೆ ಅಷ್ಟು ದುಡ್ಡು. ಟಿವಿ ಚಾನೆಲ್ಲು, ವಿಡಿಯೋ ವೇದಿಕೆಗಳಿಂದಲೂ ಬೇರೆ ತೆರಿಗೆ ಬರುತ್ತದೆ.

ಹಣ ಹಂಚುವುದು ಎರಡು ಬಗೆಯಲ್ಲಿ. ಚಿತ್ರ ಓಡಿದಷ್ಟಕ್ಕೂ ನಿರ್ಮಾಪಕರ ಖಾತೆಗೆ ಒಂದು ಮೊತ್ತ ತಾನಾಗಿ ಜಮೆಯಾಗುತ್ತದೆ. ಅದನ್ನು ಮನೆಗೆ ಒಯ್ಯುವಂತಿಲ್ಲ, ಮುಂದಿನ ಚಿತ್ರಕ್ಕೇ ಹಾಕಬೇಕು. ಇನ್ನೊಂದು, 1959ರಲ್ಲಿ ಶುರುವಾದ ‘ಗಳಿಕೆಯ ಮೇಲಿನ ಮುಂಗಡ’. ಸಮಿತಿ ಸ್ಕ್ರಿಪ್ಟ್ ಓದಿ ಚಿತ್ರೀಕರಣಕ್ಕೆ ಮುಂಚೆಯೇ ಕೊಡುವ ಸಾಲ, ಚಿತ್ರ ಗಳಿಸಿದರೆ ಮಾತ್ರ ವಾಪಸ್. ಚಿತ್ರಮಂದಿರಕ್ಕೂ ಪಾಲಿದೆ, ಕುರ್ಚಿ, ಪ್ರೊಜೆಕ್ಟರ್ ಬದಲಿಸಲು. ಇದರ ಮೇಲೆ, ಥಿಯೇಟರಿಗೆ ಬಂದ ಚಿತ್ರ ಆನ್‌ಲೈನ್ ಚಂದಾ ವೇದಿಕೆಗಳಿಗೆ ತಿಂಗಳುಗಟ್ಟಲೆ ಹೋಗುವಂತಿಲ್ಲ. 2022ರ ಒಪ್ಪಂದದಲ್ಲಿ ನೆಟ್‌ಫ್ಲಿಕ್ಸಿಗೆ ನಿಗದಿಯಾದ ಗಡುವು 15 ತಿಂಗಳು. ನಮ್ಮಲ್ಲಿ ನಾಲ್ಕು ವಾರಕ್ಕೇ ಓಟಿಟಿಗೆ ಬರುವ ಚಿತ್ರಗಳನ್ನು ಕಂಡ ನಿಮಗೆ ಇದರ ಬೆಲೆ ಹೇಳಬೇಕಿಲ್ಲ.

ಕರ್ನಾಟಕ 2024ರಲ್ಲಿ ತಂದ ಕಾನೂನಿನಲ್ಲೂ ಟಿಕೆಟ್ಟಿನ ಮೇಲೆ ಶೇ 1ರಿಂದ 2ರ ಸೆಸ್‌ಗೆ ಅವಕಾಶವಿದೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ನಮ್ಮದು ಕಲಾವಿದರ, ಕಾರ್ಮಿಕರ ಕಲ್ಯಾಣ ನಿಧಿಗೆ. ಅವರದು ಮುಂದಿನ ಚಿತ್ರಕ್ಕೆ. ಫ್ರೆಂಚ್ ಏರ್ಪಾಟಿಗೂ ಬಯ್ಗುಳ ಕಡಿಮೆಯಿಲ್ಲ. ವರ್ಷಕ್ಕೆ ಸುಮಾರು 300 ಚಿತ್ರ, ಎಷ್ಟೋ ಚಿತ್ರಗಳಿಗೆ ಎರಡನೇ ವಾರ ಪರದೆಯೇ ಸಿಗುವುದಿಲ್ಲ. ಆದರೂ ಇಂಥ ಕಡೆ ಚಿತ್ರ ಕಡಿಮೆಯಾಗುವುದಕ್ಕಿಂತ ಹೆಚ್ಚಾಗಿ ತಪ್ಪುವುದೇ ಒಳ್ಳೆಯದು, ಏಕೆಂದರೆ ಯಾವುದು ಉಳಿಯುತ್ತದೆ ಎಂದು ಸ್ಕ್ರಿಪ್ಟ್ ಓದುವಾಗ ಯಾರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ‘ಕೇನ್ಸ್‌ಗೆ ಆಯ್ಕೆ’ ಎಂದು ಪೋಸ್ಟರಿನಲ್ಲಿ ಹಾಕುತ್ತಾರೆ. ನಂಬಬಹುದೇ? (ಮಂಗಳೂರು)

ಮೊದಲು, ಉಚ್ಚಾರ ‘ಕಾನ್’. ಅಲ್ಲಿ ಉತ್ಸವದ ಜೊತೆಜೊತೆಗೇ ಚಿತ್ರಗಳ ಮಾರುಕಟ್ಟೆಯೂ ನಡೆಯುತ್ತದೆ. ಮಾರುಕಟ್ಟೆಯಲ್ಲಿ ಬಾಡಿಗೆ ಕಟ್ಟಿದರೆ ಹಾಲ್ ಸಿಗುತ್ತದೆ, ಆಯ್ಕೆಯ ಮಾತಿಲ್ಲ. ಪೋಸ್ಟರಿನಲ್ಲಿ ವಿಭಾಗದ ಹೆಸರು ಇದೆಯೇ ನೋಡಿ, ಆ ವರ್ಷದ ಅಧಿಕೃತ ಪಟ್ಟಿಯ ಜೊತೆ ತಾಳೆ ಹಾಕಿ. ನಿಜವಾದ ಆಯ್ಕೆಗೆ ಕನ್ನಡದ ಉದಾಹರಣೆಯೇ ಇದೆ. 2024ರಲ್ಲಿ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ, ಅಜ್ಜಿಯೊಬ್ಬಳು ಊರಿನ ಹುಂಜ ಕದ್ದದ್ದಕ್ಕೆ ಬೆಳಗೇ ಆಗದ ಜಾನಪದ ಕತೆ, ಫಿಲ್ಮ್ ಶಾಲೆಗಳ ‘ಲಾ ಸಿನೆಫ್’ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಮೊತ್ತ 15,000 ಯೂರೋ.

ಪ್ರಶ್ನೆ: ನಮ್ಮ ಚಿತ್ರಸಮಾಜದಲ್ಲಿ ಫ್ರೆಂಚ್ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಹಾಕುತ್ತಿದ್ದೇವೆ. ಮೊದಲು ಸರಿಯಿದ್ದು, ಬರಬರುತ್ತ ಮಾತಿಗಿಂತ ಮುಂಚೆಯೇ ಅಕ್ಷರ ಬರುತ್ತದೆ. ಇಂಗ್ಲಿಷ್‌ನಿಂದ ಅನುವಾದಿಸುವುದರಲ್ಲಿ ತೊಂದರೆ ಇದೆಯೇ? (ಶಿವಮೊಗ್ಗ)

ಯುರೋಪಿನ ಡಿವಿಡಿಗಳು ಸೆಕೆಂಡಿಗೆ 25 ಚಿತ್ರದ ಲೆಕ್ಕದವು, ಬ್ಲೂರೇ ಸಾಮಾನ್ಯವಾಗಿ 23.976. ನಿಮ್ಮ ಸಬ್‌ಟೈಟಲ್ ಮೊದಲಿನದು, ಚಿತ್ರ ಎರಡನೆಯದು. ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡು, ಗಂಟೆಗೆ ಎರಡೂವರೆ ನಿಮಿಷ ವ್ಯತ್ಯಾಸ. ಒಟ್ಟಾರೆ ಮುಂದೆ ಹಿಂದೆ ತಳ್ಳಿದರೆ ಸರಿಹೋಗುವುದಿಲ್ಲ. ಸಬ್‌ಟೈಟಲ್ ಎಡಿಟರಿನಲ್ಲಿ ಫ್ರೇಮ್ ರೇಟನ್ನು 25ರಿಂದ 23.976ಕ್ಕೆ ಬದಲಿಸಿ, ಆಮೇಲೆ ಮೊದಲ ಮಾತು, ಕೊನೆಯ ಮಾತು ಎರಡನ್ನೂ ಪರೀಕ್ಷಿಸಿ. ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಪೆನ್‌ಡ್ರೈವ್‌ನಿಂದ ಟಿವಿಯಲ್ಲಿ ಹಾಕುವುದಾದರೆ ಹಿಂದಿನ ದಿನವೇ ನೋಡಿಕೊಳ್ಳಿ: ಎಷ್ಟೋ ಟಿವಿಗಳು ಒತ್ತಕ್ಷರವನ್ನು ಬಿಡಿಸಿ ಹಾಕುತ್ತವೆ, ಇಲ್ಲವೇ ಬರೀ ಚೌಕ ತೋರಿಸುತ್ತವೆ. ಅಂಥಲ್ಲಿ ಅಕ್ಷರವನ್ನು ಚಿತ್ರದ ಮೇಲೇ ಸುಟ್ಟುಬಿಡುವುದು ಉತ್ತಮ. ಎರಡು ಸಾಲಿನ ನಡುವೆ ಜಾಗ ಹೆಚ್ಚಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ.

ಇಂಗ್ಲಿಷ್‌ನಿಂದ ಮಾಡುವುದರಲ್ಲಿ ದೊಡ್ಡ ನಷ್ಟ ‘ನೀನು–ನೀವು’. ಫ್ರೆಂಚಿನಲ್ಲಿ ಆ ಭೇದವಿದೆ, ಕನ್ನಡದಲ್ಲಿದೆ, ನಡುವಿನ ಇಂಗ್ಲಿಷ್‌ನಲ್ಲಿ ಸತ್ತುಹೋಗುತ್ತದೆ. ರೆನ್ವಾರ್‌ನ ‘ಗ್ರ್ಯಾಂಡ್ ಇಲ್ಯೂಷನ್’ (1937) ಚಿತ್ರದಲ್ಲಿ ಮೆಕ್ಯಾನಿಕ್ ಹಿನ್ನೆಲೆಯ ಮಾರೆಶಾಲ್, ಇಷ್ಟು ದಿನ ಜೊತೆಗಿದ್ದೂ ಬಹುವಚನ ಬಿಡದ ಶ್ರೀಮಂತ ಅಧಿಕಾರಿ ಬೋಲ್ದ್ಯುಗೆ ಅದನ್ನು ಎತ್ತಿ ಹೇಳುತ್ತಾನೆ. ತಾನು ತಾಯಿಗೂ ಹೆಂಡತಿಗೂ ‘ನೀವು’ ಎನ್ನುವವನು ಎಂಬುದು ಅವನ ಉತ್ತರ. ಇಡೀ ಚಿತ್ರದ ವರ್ಗಭೇದ ಆ ಒಂದು ಸಾಲಿನಲ್ಲಿದೆ. ಅಮ್ಮನಿಗೆ ‘ನೀನು’ ಎನ್ನುವ ನಮ್ಮ ಮನೆಗಳಿಗೆ ಇದು ವಿಚಿತ್ರವಾಗಿ ಕೇಳಬೇಕು. ‘ನೀನು’ ಮಾಡಿ ನಯಗೊಳಿಸಬೇಡಿ. ಇನ್ನೊಂದು ಎಚ್ಚರ: ಗಂಡ ‘ನೀನು’, ಹೆಂಡತಿ ‘ನೀವು’ ಎಂಬ ನಮ್ಮ ಹಳೇ ರೂಢಿಯನ್ನು ಅಲ್ಲಿಗೆ ತುರುಕಬೇಡಿ. ಅಲ್ಲಿ ದಂಪತಿ ಸಾಮಾನ್ಯವಾಗಿ ಇಬ್ಬರೂ ಒಂದೇ ರೂಪ ಬಳಸುತ್ತಾರೆ. ಪ್ರೇಮಿಗಳು ‘ನೀವು’ ಬಿಟ್ಟು ‘ನೀನು’ಗೆ ಇಳಿಯುವ ಕ್ಷಣ ಎಲ್ಲಿದೆ ಎಂದು ಫ್ರೆಂಚ್ ಬಲ್ಲ ಒಬ್ಬರನ್ನು ಕೂರಿಸಿಕೊಂಡು ಮೊದಲೇ ಗುರುತು ಹಾಕಿಟ್ಟುಕೊಳ್ಳಿ, ಅನುವಾದ ಆಮೇಲೆ. ಸಾರ್ವಜನಿಕವಾಗಿ ತೋರಿಸುವ ಹಕ್ಕಿನ ಬಗ್ಗೆ ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ವಿಚಾರಿಸಿ. ಚಿತ್ರದ ಹೆಸರು, ತಾರೀಖು, ಕುರ್ಚಿಗಳ ಸಂಖ್ಯೆ, ಟಿಕೆಟ್ ಇದೆಯೋ ಇಲ್ಲವೋ ಎಂಬುದನ್ನು ಮೊದಲ ಪತ್ರದಲ್ಲೇ ಬರೆದರೆ ಒಂದು ಸುತ್ತು ಕಡಿಮೆಯಾಗುತ್ತದೆ.